ಬೇಲಿಯಾಚೆ ಭಾಯಿ, ಗುಡ್ಡದಾಚೆ ಶೋಲೆ

"ಭಾಯಿ, ಒಳ್ಳೆ ಸಾಹಸ ಚಿತ್ರ ಮಾಡೋರು ಬೆಟ್ಟ ಎತ್ತರ ಇದೆ ಅಂತ ಬಾಯಿಬಿಟ್ಟು ಹೇಳಲ್ಲ. ಅದರ ಬುಡದಲ್ಲಿ ಒಬ್ಬ ಮನುಷ್ಯನ್ನ ನಿಲ್ಲಿಸ್ತಾರೆ. ಇವನು ಹತ್ತುತಾನೋ, ಜಾರ್ತಾನೋ ಅನ್ನೋ ಆತಂಕ ನಮಗೆ ಹಿಡಿಸಿಬಿಡ್ತಾರೆ. ನಿಮ್ಮ ಹುಡುಗ ಬರೆದಿರೋದ್ರಲ್ಲಿ ಆ ಆತಂಕವೇ ಇಲ್ಲ."

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಪಕ್ಕದ ಮನೆ ಭಾಯಿ ಮೂರು ತಲೆಮಾರಿನಿಂದ ಗೊಂಬೆ ಕಡೆಯುವ ಮನೆತನದವರು. ಮಗ ಬೆಂಗಳೂರಿನಲ್ಲಿ ಜಾಹೀರಾತಿನ ಕೆಲಸಕ್ಕೆ ಸೇರಿದ್ದಾನೆ. ಅಪ್ಪನ ಗೊಂಬೆಗಳನ್ನು ಆನ್‌ಲೈನಿನಲ್ಲಿ ಮಾರಬೇಕು, ಅದಕ್ಕೆ ಎರಡು ನಿಮಿಷದ ಒಂದು ವಿಡಿಯೊ ಮಾಡಬೇಕು ಎಂದು ಬರೆದು ಕಳಿಸಿದ್ದ. ಭಾಯಿ ಆ ಹಾಳೆಯನ್ನು ಬೇಲಿಯ ಮೇಲಿಂದ ನನ್ನ ಕೈಗಿತ್ತು, "ಓದಿ ನೋಡಿ ಮೇಷ್ಟ್ರೇ, ನನಗೆ ಇದರ ತಲೆಬುಡ ತಿಳಿಯಲ್ಲ" ಎಂದರು.

ಓದಿದೆ. ಬೆಳಗಿನ ಮಂಜು. ರಾಮನಗರದ ರಾಮದೇವರ ಬೆಟ್ಟದ ಮೇಲೆ ಡ್ರೋನ್ ಹಾರುತ್ತದೆ. ಗಂಭೀರ ದನಿಯೊಂದು ಪರಂಪರೆ, ಸಂಸ್ಕೃತಿ, ಪ್ರಕೃತಿ ಎನ್ನುತ್ತದೆ. ಒಂದು ಮಗು ನಗುತ್ತದೆ. ಕೊನೆಗೆ ಅಂಗಡಿಯ ಹೆಸರು. ಗೊಂಬೆ ಹೇಗೆ ಆಗುತ್ತದೆ ಎಂಬುದು ಎಲ್ಲೂ ಇಲ್ಲ. ಭಾಯಿಯ ಕೈ ಕೂಡ ಇಲ್ಲ.

"ಚೆನ್ನಾಗಿಲ್ವಾ?" ಎಂದರು ಭಾಯಿ.

"ನೋಡೋಕೆ ಚೆನ್ನಾಗೇ ಇರತ್ತೆ. ಆದರೆ ಇದೇ ಚಿತ್ರಕ್ಕೆ ಕೊನೇಲಿ ಸಿಮೆಂಟ್ ಕಂಪನಿ ಹೆಸರು ಹಾಕಿದ್ರೂ ನಡೆಯತ್ತೆ, ಬ್ಯಾಂಕಿನ ಹೆಸರು ಹಾಕಿದ್ರೂ ನಡೆಯತ್ತೆ."

ಮಾತು ಅಲ್ಲಿಂದ ಶೋಲೆಗೆ ಹೋಯಿತು. ನಮ್ಮ ಕಡೆ ಬೆಟ್ಟದ ಮಾತೆತ್ತಿದರೆ ಶೋಲೆಗೆ ಹೋಗದೆ ಇರುವುದು ಹೇಗೆ? 1973ರ ಅಕ್ಟೋಬರ್ 3ಕ್ಕೆ ರಮೇಶ್ ಸಿಪ್ಪಿ ರಾಮನಗರದಲ್ಲಿ ಚಿತ್ರೀಕರಣ ಶುರು ಮಾಡಿದರು. ಅದುವರೆಗೆ ಹಿಂದಿಯಲ್ಲಿ ಡಕಾಯಿತರ ಚಿತ್ರ ಎಂದರೆ ಚಂಬಲ್ ಕಣಿವೆ ಎಂದೇ ಲೆಕ್ಕ. ಎಲ್ಲರೂ ತೋರಿಸಿದ ಆ ಮಣ್ಣಿನ ಕೊರಕಲು ಬೇಡ ಎಂದು ಹುಡುಕುತ್ತಿದ್ದಾಗ ಕಲಾ ನಿರ್ದೇಶಕ ರಾಮ್ ಯೆಡೇಕರ್ ಕಣ್ಣಿಗೆ ನಮ್ಮ ಬಂಡೆಗಳು ಬಿದ್ದವು. ಬೆಟ್ಟದ ಬುಡದಲ್ಲಿ ಇಡೀ ಒಂದು ಹಳ್ಳಿಯನ್ನೇ ಕಟ್ಟಿದರು. ಹೆದ್ದಾರಿಯಿಂದ ಅಲ್ಲಿಗೆ ರಸ್ತೆ ಮಾಡಿಸಿದರು. ಜನ ಆ ಜಾಗವನ್ನು ಸಿಪ್ಪಿನಗರ ಎಂದೇ ಕರೆದರು.

"ನಮ್ಮಪ್ಪ ಹೋಗಿ ನೋಡ್ಕೊಂಡು ಬಂದಿದ್ರಂತೆ" ಎಂದು ಭಾಯಿ ಮುಖ ಅರಳಿಸಿದರು. "ದಿನಾ ಪೂರ್ತಿ ಕಾದ್ರೂ ಒಂದು ಕುದುರೆ ಓಡಿದ್ದು ಬಿಟ್ರೆ ಬೇರೇನೂ ಕಾಣಲಿಲ್ವಂತೆ."

ಭಾಯಿಯ ಅಪ್ಪ ಕಂಡಿದ್ದೇ ನಿಜವಾದ ವಿಷಯ. ಆ ಚಿತ್ರದಲ್ಲಿ ಜಯಾ ಭಾದುರಿ ಸಂಜೆ ಹೊತ್ತು ದೀಪಗಳ ಹತ್ತಿರ ಓಡಾಡುವುದು, ಅಮಿತಾಭ್ ಕೆಳಗೆ ಕುಳಿತು ಮೌತ್ ಆರ್ಗನ್ ನುಡಿಸುವುದು ನೆನಪಿದೆಯಲ್ಲ? ತೆರೆಯ ಮೇಲೆ ಬಂದುಹೋಗುವುದು ಚೂರೇ ಚೂರು ಹೊತ್ತು. ಅದನ್ನು ತೆಗೆಯಲು 20 ದಿನ ಹಿಡಿಯಿತು. ಹೊತ್ತು ಮುಳುಗಿ ಕತ್ತಲು ಇಳಿಯುವ ನಡುವೆ ಸಿಗುವ ಆ ಒಂದಿಷ್ಟು ಬೆಳಕಿಗೆ ಛಾಯಾಗ್ರಾಹಕ ದ್ವಾರಕಾ ದಿವೇಚಾ ಕಾದರು, ಮರುದಿನ ಮತ್ತೆ ಕಾದರು. ಗಬ್ಬರ್ ಸಿಂಗ್ ಇಮಾಮರ ಮಗನನ್ನು ಕೊಲ್ಲುವ ದೃಶ್ಯಕ್ಕೆ 19 ದಿನ. ಚಿತ್ರ ಮುಗಿಯುವ ಹೊತ್ತಿಗೆ ಎರಡು ವರ್ಷಕ್ಕೆ ಹತ್ತಿರ ಆಗಿತ್ತು. 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾದಾಗ ಮೊದಲ ವಾರ ಪತ್ರಿಕೆಯವರು ಮೆಚ್ಚಲಿಲ್ಲ. ಮುಳುಗಿತು ಎಂದವರೇ ಹೆಚ್ಚು. ಆಮೇಲೆ ಜನ ಬಾಯಿಂದ ಬಾಯಿಗೆ ಹೇಳಿ ಹೇಳಿ ಎಬ್ಬಿಸಿದರು. ಮುಂಬಯಿಯ ಮಿನರ್ವದಲ್ಲಿ ಐದು ವರ್ಷ ಓಡಿತು.

ಶೋಲೆಯನ್ನು ಸಾಹಸ ಚಿತ್ರ ಎನ್ನಬಹುದೋ ಬಾರದೋ, ಆ ವಾದ ನನಗೆ ಬೇಡ. ಸೆಟ್ ಕಟ್ಟಿದರೂ ಬೆಟ್ಟವನ್ನು ಕಟ್ಟಲಾಗಲಿಲ್ಲ, ಬಿಸಿಲನ್ನು ಕಟ್ಟಲಾಗಲಿಲ್ಲ. ಬಯಲಲ್ಲಿ ಕೆಲಸ ಮಾಡುವವರು ಬಯಲಿನ ಮಾತು ಕೇಳಲೇಬೇಕು. ಆ ಕೇಳಿಸಿಕೊಳ್ಳುವಿಕೆ ಚಿತ್ರದಲ್ಲಿ ಕಾಣುತ್ತದೆ. ಗಬ್ಬರ್ ಬಂಡೆಯ ಮೇಲೆ ಬೂಟುಗಾಲಲ್ಲಿ ಅತ್ತಿಂದಿತ್ತ ನಡೆಯುವಾಗ ಬೆದರಿಕೆ ಹುಟ್ಟುವುದು ಅಮ್ಜದ್ ಖಾನರಿಂದ ಮಾತ್ರವಲ್ಲ, ಆ ಕಲ್ಲಿನಿಂದಲೂ ಹೌದು.

"ಇನ್ನೊಂದು ಗೊತ್ತಾ ಭಾಯಿ? ಆ ಗಬ್ಬರ್‌ನೇ ಕರೆದುಕೊಂಡು ಹೋಗಿ ಬ್ರಿಟಾನಿಯಾದವರು ಗ್ಲುಕೋಸ್ ಬಿಸ್ಕತ್ತು ಮಾರಿದ್ರು. ಅಲ್ಲೀವರೆಗೆ ಖಳನಾಯಕನ ಕೈಲಿ ಯಾರೂ ಸಾಮಾನು ಮಾರಿಸಿರಲಿಲ್ಲ ಅಂತಾರೆ. ಮಕ್ಕಳು ಹೆದರೋ ಬದಲು ಬಿಸ್ಕತ್ತು ಕೇಳಿದ್ವು."

"ನಮ್ಮ ಬೆಟ್ಟದ ಗಬ್ಬರ್, ಬಿಸ್ಕತ್ತು ಅವರದ್ದು."

"ಅದೇ ನನ್ನ ಹೊಟ್ಟೆಯುರಿ. ಕತೆ ಹುಟ್ಟಿದ್ದು ಇಲ್ಲಿ. ರೇಷ್ಮೆಗೂಡು, ಗೊಂಬೆ, ಮಾವಿನಹಣ್ಣು, ಹಾಲು ಇಷ್ಟೆಲ್ಲ ಇಟ್ಕೊಂಡು ನಾವು ನಮ್ಮ ಯಾವ ಸಾಮಾನಿಗೂ ಕತೆ ಹೇಳಲಿಲ್ಲ. ಇವತ್ತಿಗೂ ಬೆಟ್ಟ ನೋಡೋಕೆ ಬಂದೋರು ಗಬ್ಬರ್ ಕೂತಿದ್ದ ಬಂಡೆ ಎಲ್ಲಿ ಅಂತ ಕೇಳಿ, ಫೋಟೊ ತಗೊಂಡು, ಮೈಸೂರು ದಾರಿ ಹಿಡೀತಾರೆ."

ಮಾಗಡಿ ಕಡೆಯ ಕತೆ ಬೇರೆ. ಡೇವಿಡ್ ಲೀನ್ ತಮ್ಮ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಗವಿಗಳನ್ನು ಹುಡುಕುತ್ತಿದ್ದರು. ಕಾದಂಬರಿಯ ಗವಿಗಳಿಗೆ ಮೂಲವಾದ ಬಿಹಾರದ ಬರಾಬರ್ ಗುಡ್ಡಗಳು ಅವರಿಗೆ ಚಪ್ಪಟೆಯಾಗಿ ಕಂಡವು. ಕೊನೆಗೆ ಒಪ್ಪಿದ್ದು 1,226 ಮೀಟರ್ ಎತ್ತರದ ಸಾವನದುರ್ಗವನ್ನು, ಜೊತೆಗೆ ನಮ್ಮ ರಾಮದೇವರ ಬೆಟ್ಟವನ್ನು. ಬೇಕಾದ ಕಡೆ ಗವಿಯ ಬಾಯಿ ಇರಲಿಲ್ಲವಾದ್ದರಿಂದ ಬಂಡೆಯನ್ನು ಕೊರೆದು ಬಾಯಿ ಮಾಡಿಸಿದರು. 1984ರಲ್ಲಿ ಚಿತ್ರ ಬಂತು, ಜಗತ್ತು ಆ ಕಲ್ಲನ್ನು ನೋಡಿ ಬೆರಗಾಯಿತು. ಕಟ್ಟುಕತೆಯ ಚಿತ್ರಕ್ಕೆ ಹಾಗೆ ಕೊರೆಯುವ ಸ್ವಾತಂತ್ರ್ಯ ಇದೆ. ವ್ಯಾಪಾರದ ಚಿತ್ರಕ್ಕೆ ಇಲ್ಲ ಎಂದು ನನ್ನ ಖಡಾಖಂಡಿತ ಅಭಿಪ್ರಾಯ. ಸಿನಿಮಾ ನೋಡಿದವನು ಗವಿ ಹುಡುಕಿಕೊಂಡು ಬಂದು ಸಿಗದಿದ್ದರೆ ನಕ್ಕು ಹೋಗುತ್ತಾನೆ. ಗೊಂಬೆ ಕೊಂಡವನಿಗೆ ವಿಡಿಯೊದಲ್ಲಿ ಕಂಡ ಬಣ್ಣ ಡಬ್ಬದಲ್ಲಿ ಸಿಗದಿದ್ದರೆ ಹಣ ವಾಪಸು ಕೇಳುತ್ತಾನೆ, ನಾಲ್ಕು ಜನಕ್ಕೆ ಹೇಳುತ್ತಾನೆ.

"ಹಾಗಾದ್ರೆ ಏನು ತೋರಿಸ್ಬೇಕು ಅಂತೀರಾ?" ಭಾಯಿ ಬೇಲಿಗೆ ಇನ್ನೂ ಹತ್ತಿರ ಬಂದರು.

ನಾನು ಗಂಧದ ಗುಡಿಯ ಮಾತು ತೆಗೆದೆ. ಅಣ್ಣಾವ್ರ ಗಂಧದ ಗುಡಿ 1973ರದ್ದು, ಶೋಲೆ ಶುರುವಾದ ವರ್ಷದ್ದೇ. ಅಪ್ಪು ಅದೇ ಹೆಸರಿನಲ್ಲಿ ನಿರ್ದೇಶಕ ಅಮೋಘವರ್ಷ ಅವರ ಜೊತೆ ಕರ್ನಾಟಕದ ಕಾಡು ಸುತ್ತಿದ ಚಿತ್ರ 2022ರ ಅಕ್ಟೋಬರ್ 28ಕ್ಕೆ ತೆರೆಗೆ ಬಂತು. ಅವರು ನಮ್ಮನ್ನು ಬಿಟ್ಟುಹೋಗಿ ಮರುದಿನಕ್ಕೆ ಒಂದು ವರ್ಷ. ನಮ್ಮೂರಿನಲ್ಲಿ ಅದನ್ನು ನೋಡಿ ಅಳದೆ ಹೊರಗೆ ಬಂದವರನ್ನು ನಾನು ಕಾಣೆ. ಅಳು ಹಾಗಿರಲಿ, ಆ ಚಿತ್ರ ಕಟ್ಟಿದ ರೀತಿ ನೋಡಿ. ಪವರ್ ಸ್ಟಾರ್ ಅಲ್ಲಿ ಯಾರನ್ನೂ ಹೊಡೆಯುವುದಿಲ್ಲ. ಪಾತ್ರ ಮಾಡುವುದಿಲ್ಲ, ತಾವೇ ತಾವಾಗಿ ನಡೆಯುತ್ತಾರೆ. ತಿಳಿಯದ್ದನ್ನು ಕೇಳುತ್ತಾರೆ. ಹೆದರಿಕೆಯಾದರೆ ಹೆದರಿಕೆಯನ್ನು ಮುಖದ ಮೇಲೆ ಬಿಡುತ್ತಾರೆ. ತೆರೆಯ ಮೇಲೆ ಹತ್ತಾರು ಜನರನ್ನು ಒಬ್ಬರೇ ಕೆಡವಿದವರು ಕಾಡಿನ ಎದುರು ಚಿಕ್ಕವರಾಗಿ ನಿಂತರು. ಆಗ ಕಾಡು ದೊಡ್ಡದಾಗಿ ಕಂಡಿತು.

ಅದಕ್ಕೆ ಮುಂಚೆ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಮಾಡಿದ 'ವೈಲ್ಡ್ ಕರ್ನಾಟಕ' 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೇ ಬಂದಿತ್ತು. ಡೇವಿಡ್ ಅಟೆನ್‌ಬರೊ ದನಿ ಕೊಟ್ಟಿದ್ದರು. ಸಾಹಸ ಮತ್ತು ಅನ್ವೇಷಣೆಯ ಚಿತ್ರಗಳ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿ ಬಂತು, ನಿರೂಪಣೆಗೂ ಬಂತು. ರಾಜ್ಯದ ಪ್ರವಾಸೋದ್ಯಮಕ್ಕೆ ಎಷ್ಟೋ ಫಲಕ, ಎಷ್ಟೋ ಘೋಷವಾಕ್ಯ ಮಾಡದ ಕೆಲಸವನ್ನು ಆ ಒಂದು ಗಂಟೆಯೊಳಗಿನ ಚಿತ್ರ ಮಾಡಿತು ಎಂದು ನಾನು ನಂಬಿದ್ದೇನೆ. ಅದರಲ್ಲಿ ಎಲ್ಲೂ "ಬನ್ನಿ, ನೋಡಿ" ಎಂಬ ಕರೆ ಇಲ್ಲ. ಪ್ರಾಣಿ ಬದುಕಲು ಏನು ಪಾಡು ಪಡುತ್ತದೆ ಎಂಬುದಷ್ಟೇ ಇದೆ.

ಭಾಯಿಯ ಹೆಂಡತಿ ಒಳಗಿನಿಂದ ಚಹಾ ತಂದು ಬೇಲಿಯ ಮೇಲೆ ಇಟ್ಟು, "ಮೇಷ್ಟ್ರು ಸಿನಿಮಾ ಶುರು ಮಾಡಿದ್ರೆ ಇವತ್ತು ಲೇತ್ ತಿರುಗಲ್ಲ" ಎಂದು ಒಳಗೆ ಹೋದರು. ಅವರ ಮಾತಿಗೆ ಭಾಯಿ ಎದ್ದು ಹಿತ್ತಲಿನ ಷೆಡ್ಡಿಗೆ ಹೋಗಿ ಕೆಲಸಕ್ಕೆ ಕುಳಿತರು. ನಾನೂ ಬೇಲಿ ಸುತ್ತಿ ಹೋಗಿ ಬಾಗಿಲಲ್ಲಿ ನಿಂತೆ.

ಹಾಲೆ ಮರದ ತುಂಡು. ಬಿಳಿ, ಬೆಣ್ಣೆಯ ಬಣ್ಣ. ತಂದ ತಕ್ಷಣ ಕಡೆಯುವ ಹಾಗಿಲ್ಲ, ಎರಡು ಮೂರು ತಿಂಗಳು ಒಣಗಬೇಕು. ಭಾಯಿ ತುಂಡನ್ನು ಲೇತಿಗೆ ಕಚ್ಚಿಸಿ ಸ್ವಿಚ್ ಒತ್ತಿದರು. ಉಳಿ ತಾಗಿದ ಕಡೆಯಿಂದ ಹೊಟ್ಟು ಸುರುಳಿ ಸುರುಳಿಯಾಗಿ ಎದ್ದು ಮೊಣಕೈ ಮೇಲೆ ಬಿತ್ತು. ಕಣ್ಣಳತೆಯಲ್ಲೇ ಗೊಂಬೆಯ ಕತ್ತು, ಹೊಟ್ಟೆ, ತಳ ಬಂದವು. ಆಮೇಲೆ ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಬೆಂಕಿಯಿಲ್ಲ, ಒಲೆಯಿಲ್ಲ. ಉಜ್ಜಾಟದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತಿತು. ಬಿಸಿ ಅರಗಿನ ವಾಸನೆ ಷೆಡ್ಡು ತುಂಬಿತು. ಕೈ ಕೊಂಚ ಹೆಚ್ಚು ಒತ್ತಿದರೆ ಅರಗು ಗಂಟು ಕಟ್ಟುತ್ತದೆ, ಕಡಿಮೆ ಒತ್ತಿದರೆ ಬಣ್ಣ ಕೂರುವುದಿಲ್ಲ. ಕೊನೆಗೆ ತಾಳೆಗರಿಯ ಚೂರನ್ನು ಅದುಮಿ ಓಡಿಸಿದರು. ಮಬ್ಬಾಗಿದ್ದ ಕೆಂಪು ಕಣ್ಣೆದುರೇ ಹೊಳೆಯಿತು. ನಾನು ಇಲ್ಲೇ ಹುಟ್ಟಿ ಬೆಳೆದವನು, ಆದರೂ ಆ ಹೊಳಪು ಬರುವ ಗಳಿಗೆ ಪ್ರತಿ ಸಲ ಉಸಿರು ಹಿಡಿಸುತ್ತದೆ.

ಎರಡನೆಯ ತುಂಡು ಕತ್ತಿನ ಹತ್ತಿರ ಸೀಳಿತು. ಭಾಯಿ ಒಂದು ಮಾತೂ ಆಡದೆ ಅದನ್ನು ಮೂಲೆಗೆ ಎಸೆದು ಮೂರನೆಯದನ್ನು ಎತ್ತಿಕೊಂಡರು.

"ಇದೇ ಭಾಯಿ! ನಿಮ್ಮ ಹುಡುಗನ ಕ್ಯಾಮೆರಾ ಇಲ್ಲಿ ಇರ್ಬೇಕಾಗಿತ್ತು."

"ಸೀಳಿದ ಮರ ತೋರಿಸ್ಬೇಕಾ? ನೋಡಿದೋರು ಇವರಿಗೆ ಕೆಲಸ ಬರಲ್ಲ ಅನ್ಕೊಳ್ಳಲ್ವಾ?"

"ಬಂಡೆ ಹತ್ತೋನು ಒಂದು ಸಲ ಕೈ ಜಾರಿದ್ರೆ ನಾವು ಅವನಿಗೆ ಹತ್ತೋಕೆ ಬರಲ್ಲ ಅಂತೀವಾ? ಕಲ್ಲು ಕಷ್ಟ ಇದೆ ಅಂತೀವಿ. ಮತ್ತೆ ಹಿಡಿದ್ನಲ್ಲ, ಅವನ ಕೈ ನೋಡು ಅಂತೀವಿ."

ಜಾಹೀರಾತಿನವರು ಕಷ್ಟವನ್ನು ಕತ್ತರಿಸಿ ಎಸೆಯುವುದು ನನಗೆ ಒಪ್ಪಿಗೆಯಿಲ್ಲ. ಸಾಹಸ ಚಿತ್ರದವರು ಉಳಿಸಿಕೊಳ್ಳುವುದೇ ಅದನ್ನು. ಗಾಳಿ ತಿರುಗಿದ್ದು, ಮಳೆ ಬಂದು ದಿನ ಹಾಳಾದದ್ದು, ದಾರಿ ತಪ್ಪಿದ್ದು, ಎಲ್ಲವೂ ಅವರಿಗೆ ಕತೆ. ಏನಾಗುತ್ತದೋ ಎಂದು ಗೊತ್ತಿಲ್ಲದೆ ಇರುವುದರಿಂದಲೇ ನೋಡುವವರು ಕಣ್ಣು ಕೀಳುವುದಿಲ್ಲ. ನಮ್ಮ ಜಿಲ್ಲೆಯ ಕಸುಬುಗಳಲ್ಲಿ ಆ ಅನಿಶ್ಚಯ ಬೇಕಾದಷ್ಟಿದೆ, ಹುಟ್ಟಿಸಿಕೊಳ್ಳಬೇಕಾದ್ದೇ ಇಲ್ಲ.

ರೇಷ್ಮೆಯನ್ನೇ ತೆಗೆದುಕೊಳ್ಳಿ. ಕನಕಪುರದ ಹತ್ತಿರ ನಮ್ಮ ಅಕ್ಕನ ಮನೆಯಲ್ಲಿ ಹುಳು ಮೇಯಿಸುತ್ತಾರೆ. ಮರಿಯಿಂದ ಗೂಡಿನವರೆಗೆ ಸರಿಸುಮಾರು ಒಂದು ತಿಂಗಳು. ನಡುವೆ ನಾಲ್ಕು ಜ್ವರ. ಜ್ವರಕ್ಕೆ ಕೂತ ಹುಳು ಮೇವು ಬಿಟ್ಟು ತಲೆ ಎತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದೆ, ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ಮನೆಯಲ್ಲಿ ಗಟ್ಟಿಯಾಗಿ ಮಾತಾಡಲೂ ಅಕ್ಕ ಬಿಡುವುದಿಲ್ಲ. ನಾಲ್ಕನೆಯ ಜ್ವರ ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಮನೆ ತುಂಬ ಹುಳು ಮೇಯುವ ಸದ್ದು, ಹೆಂಚಿನ ಮೇಲೆ ಸೋನೆ ಮಳೆ ಹಿಡಿದ ಹಾಗೆ. ಊಜಿ ನೊಣ ಒಳಗೆ ಬರದಂತೆ ಪರದೆ ಕಟ್ಟಿ ಕಾಯಬೇಕು. ಹಾಲುತೊಂಡೆ ರೋಗ ಬಂದರೆ, ಸುಣ್ಣಕಟ್ಟು ರೋಗ ಬಂದರೆ ಇಡೀ ಬೆಳೆ ತಿಪ್ಪೆಗೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಾಗ ಅಕ್ಕನಿಗೆ ಅರ್ಧ ಜೀವ ಬರುತ್ತದೆ. ಉಳಿದರ್ಧ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ, ಹರಾಜು ಮುಗಿದ ಮೇಲೆ. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಮಾರುಕಟ್ಟೆ ಅದು. ಬೆಳಗ್ಗೆ ಗೂಡು ಸುರಿದು ನಿಂತ ರೈತರ ಮುಖಗಳನ್ನು ಒಂದು ಸಲ ನೋಡಿದವರಿಗೆ, ರೇಷ್ಮೆ ಸೀರೆಯ ಜಾಹೀರಾತಿನಲ್ಲಿ ಮದುಮಗಳು ಮೆಟ್ಟಿಲಿಳಿಯುವುದು ಸಪ್ಪೆಯಾಗಿ ಕಾಣುತ್ತದೆ. ಆ ಒಂದು ತಿಂಗಳನ್ನು ಜ್ವರದಿಂದ ಜ್ವರಕ್ಕೆ ಸುಮ್ಮನೆ ಹಿಂಬಾಲಿಸಿ ಯಾರಾದರೂ ಚಿತ್ರ ಮಾಡಲಿ, ಯಾವ ಹಿಮಾಲಯದ ಚಿತ್ರಕ್ಕೂ ಕಮ್ಮಿಯಾಗುವುದಿಲ್ಲ.

ಹಾಲಿನದ್ದೂ ಒಂದು ಮಾತು. ಅಣ್ಣಾವ್ರು ಜಾಹೀರಾತಿಗೆ ಒಪ್ಪಿದ್ದು ನಂದಿನಿ ಹಾಲಿಗೆ, ಅದೂ ಕಾಸು ಮುಟ್ಟದೆ. ಅಪ್ಪುವೂ ಹಾಗೇ ನಡೆದರು. ರೈತರ ಹಾಲು ಎಂಬ ಕಾರಣಕ್ಕೆ. ಜನ ಅದನ್ನು ಇಂದಿಗೂ ಹೇಳುತ್ತಾರೆ, ಜಾಹೀರಾತಿನಲ್ಲಿ ಏನು ಮಾತಿತ್ತು ಎಂಬುದು ಮರೆತಿದ್ದರೂ.

ಭಾಯಿಗೆ ಇನ್ನೊಂದು ಅನುಮಾನ ಉಳಿದಿತ್ತು. "ಬೆಟ್ಟ ಬೇಡವೇ ಬೇಡ ಅಂತೀರಾ? ಹುಡುಗ ಡ್ರೋನ್ ಬಾಡಿಗೆಗೆ ಮಾತಾಡಿಬಿಟ್ಟಿದ್ದಾನೆ."

ಇದರಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವುದು ಆ ಕಡಿದಾದ ಬಂಡೆಯ ಸಂದಿನಲ್ಲಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ ದೇಶದ ತುಂಬ ರಣಹದ್ದುಗಳು ನಾಶವಾದವು. ಇಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳ ತಲೆಯ ಮೇಲೆ ಗುಂಯ್‌ಗುಡುವ ಯಂತ್ರ ಹಾರಿಸಿ, ಕೆಳಗೆ 'ಪ್ರಕೃತಿ ಸ್ನೇಹಿ ಗೊಂಬೆ' ಎಂದು ಬರೆಯುವುದು ತಪ್ಪು. ಜಾಗವನ್ನು ಗೌರವಿಸದವರು ಬಯಲಿನ ಚಿತ್ರ ಮಾಡಬಾರದು. ಮೇಕೆದಾಟಿನ ಬಂಡೆಯ ತುದಿಯಲ್ಲಿ, ಎಚ್ಚರಿಕೆಯ ಫಲಕದ ಪಕ್ಕದಲ್ಲೇ ರೀಲ್ಸ್ ಮಾಡುವ ಹುಡುಗರಿಗೂ ಇದೇ ಮಾತು. ಅಲ್ಲಿಯ ಸುಳಿ ಎಷ್ಟು ಮನೆಗಳ ದೀಪ ಆರಿಸಿದೆ ಎಂದು ಕನಕಪುರದವರನ್ನು ಕೇಳಬೇಕು. ನುರಿತ ಸಾಹಸಿಗಳು ಹಗ್ಗ ಪರೀಕ್ಷಿಸುತ್ತಾರೆ, ಗೆಳೆಯನಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತಾರೆ, ಮೋಡ ನೋಡಿ ವಾಪಸು ಬರುತ್ತಾರೆ. ಹಾಗೆ ವಾಪಸು ಬಂದದ್ದನ್ನೂ ಚಿತ್ರದಲ್ಲಿ ಇಡುತ್ತಾರೆ.

"ಹಾಗಾದ್ರೆ ಹಾಲೆ ಮರದ ಹತ್ರ ಶುರು ಮಾಡ್ಲಿ ಅಂತೀರಾ?"

"ಮಾಡ್ಲಿ. ಆಮೇಲೆ ನೀವು ಮಾತಾಡ್ದೇ ಕೆಲಸ ಮಾಡಿ. ದನಿ ಬೇಕಾದ್ರೆ ಲೇತಿನದ್ದೇ ಇರ್ಲಿ."

"ನಡುವೆ ಕರೆಂಟು ಹೋಗತ್ತೆ ಮೇಷ್ಟ್ರೇ. ಅರಗು ಹಚ್ಚೋವಾಗ ಹೋದ್ರೆ ಪಟ್ಟೆ ಬೀಳತ್ತೆ, ಮತ್ತೆ ಕೆರೆದು ಮೊದಲಿಂದ."

"ಹೋಗ್ಲಿ. ಕ್ಯಾಮೆರಾ ನಿಲ್ಲಿಸ್ಬೇಡ ಅನ್ನಿ ಹುಡುಗನಿಗೆ."

ಭಾಯಿ ನಕ್ಕರು. ಆಮೇಲೆ ತಮ್ಮ ಅಜ್ಜ ಹೇಳುತ್ತಿದ್ದ ಬಾವಾಸ್ ಮಿಯಾ ಅವರ ಕತೆ ತೆಗೆದರು. ಜಪಾನಿನ ಕಸುಬನ್ನು ನೋಡಿ ಕಲಿತು ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಹಂಚಿದವರು, ಇಂದಿನ ಗೊಂಬೆಗೆ ಈ ರೂಪ ಬರಲು ಕಾರಣರಾದವರು. ಟಿಪ್ಪು ಕಾಲದಿಂದ ಬಂದ ಕಸುಬು ಎನ್ನುತ್ತಾರೆ, 2006ರ ಹೊತ್ತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು, 2020ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ ಊರಿನ ಹೆಸರು ಹೇಳಿದರು. ಇಷ್ಟೆಲ್ಲ ಆದರೂ ಡಬ್ಬದ ಮೇಲೆ ಗೊಂಬೆ ಕಡೆದವರ ಹೆಸರು ಇರುವುದಿಲ್ಲ.

ಅಲ್ಲಿಗೆ ನನಗೆ ಹೇಳಲೇಬೇಕಾದದ್ದು ಬಾಯಿಗೆ ಬಂತು. "ಭಾಯಿ, ಎಂಥಾ ಚಿಕ್ಕ ಚಿತ್ರವೇ ಆಗ್ಲಿ, ಕೊನೇಲಿ ಹೆಸರುಗಳು ಬರ್ತವೆ. ಹಗ್ಗ ಹಿಡಿದೋನು, ಅಡುಗೆ ಮಾಡಿದೋನು, ಸಾಮಾನು ಹೊತ್ತೋನು, ಎಲ್ಲರದ್ದೂ. ನಿಮ್ಮ ಡಬ್ಬದ ಮೇಲೂ ಹಾಕಿ. ಕಡೆದೋರು ಯಾರು, ಬಣ್ಣ ಹಚ್ಚಿದೋರು ಯಾರು, ಹೊಳಪು ಕೊಟ್ಟೋರು ಯಾರು. ನಿಮ್ಮ ಷೆಡ್ಡಲ್ಲಿ ಕೂರೋ ಆ ಹೆಣ್ಮಕ್ಕಳ ಹೆಸರೂ ಇರ್ಲಿ."

ಭಾಯಿ ಲೇತ್ ನಿಲ್ಲಿಸಿದರು. "ಹೆಸರು ಹಾಕಿದ್ರೆ ನಾಳೆ ಗಿರಾಕಿ ನನ್ನ ಬಿಟ್ಟು ನೇರವಾಗಿ ಅವರ ಹತ್ರಾನೇ ಹೋಗ್ತಾನಲ್ಲ ಮೇಷ್ಟ್ರೇ?"

"ಹೋಗಬಹುದು. ಆಗ ನೀವು ಅವರಿಗೆ ಕೂಲಿ ಜಾಸ್ತಿ ಕೊಟ್ಟು ಉಳಿಸ್ಕೋಬೇಕಾಗತ್ತೆ."

"ಹುಡುಗ ಭಾನುವಾರ ಬರ್ತಾನೆ" ಎಂದರು ಭಾಯಿ, ಉಳಿಯ ಮೊನೆಯನ್ನು ಕಲ್ಲಿಗೆ ಉಜ್ಜುತ್ತ. "ವಿಡಿಯೊ ವಿಷಯ ನೀವೇ ಹೇಳಿ, ಕೇಳ್ತಾನೆ. ಈ ಡಬ್ಬದ ವಿಷಯ ಮಾತ್ರ ನಾವು ಮನೇಲಿ ಕೂತು ಮಾತಾಡ್ಬೇಕು. ನನ್ನ ಹೆಂಡತೀನೂ ಕೇಳ್ಬೇಕು, ಲೆಕ್ಕ ಬರೆಯೋಳು ಅವಳೇ."